ಒಡೆದ ಏರಿ ಮತ್ತು ಕೃಷ್ಣದೇವರಾಯ

ಕೃಷ್ಣದೇವರಾಯ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಎರಡು. ಒಂದು, ಚಿಕ್ಕಂದಿನಲ್ಲಿ ಓದಿದ ತೆನಾಲಿ ರಾಮಕೃಷ್ಣನ ಕಥೆಗಳು. ಅದರಲ್ಲಿ ರಾಯ ಮೊದಲು ಸಿಟ್ಟಾಗೋದಕ್ಕೆ, ಆಮೇಲೆ ನಗೋದಕ್ಕೆ ಮಾತ್ರ ಇರ್ತಾನೆ. ಇನ್ನೊಂದು, 1970ರಲ್ಲಿ ಬಿ. ಆರ್. ಪಂತುಲು ತೆಗೆದ ಸಿನಿಮಾ. ಅಲ್ಲಿ ರಾಯ ಅಂದರೆ ರಾಜ್‌ಕುಮಾರ್. ಪಂತುಲು ಅವರೇ ತಿಮ್ಮರಸು. ಆ ರೂಪ ಒಮ್ಮೆ ಕಣ್ಣಲ್ಲಿ ಕೂತರೆ ಬೇರೆ ರೂಪಕ್ಕೆ ಜಾಗ ಇರಲ್ಲ. ಬಳ್ಳಾರಿಯವರಾದ ನಮಗೆ ಮೂರನೆಯದೂ ಉಂಟು, ನಮ್ಮೂರ ವಿಶ್ವವಿದ್ಯಾಲಯದ ಹೆಸರಲ್ಲೇ ಅವನಿದ್ದಾನೆ. ಬೋರ್ಡಿನ ಮೇಲೆ ದಿನಾ ಓದುವ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನೋದು ಮರೆತೇ ಹೋಗುತ್ತೆ.

ಇಲ್ಲಿ ಅವನ ಯುದ್ಧಗಳ ಪಟ್ಟಿ ಕೊಡುವ ಉದ್ದೇಶ ನನಗಿಲ್ಲ. ಅದು ಪಿಯುಸಿವರೆಗೂ ಬೇಕಾದಷ್ಟಾಗಿದೆ. ಅವನನ್ನು ಒಂದು ಕೆರೆಯ ಏರಿಯ ಮೇಲೆ ನಿಲ್ಲಿಸಿ ನೋಡಬೇಕು ಅನ್ನೋದು ನನ್ನ ಆಸೆ. ಕಾರಣ ಸರಳ. ನಾವು ಇಂಜಿನಿಯರಿಂಗ್ ಓದುವವರು, ಮತ್ತು ಆ ಏರಿ ಎರಡು ಮೂರು ಸಲ ಒಡೆಯಿತು.

ಮೊದಲು ಅವನು ಅಲ್ಲಿಗೆ ಬಂದದ್ದು ಹೇಗೆ ಅಂತ ನೋಡೋಣ. ತಂದೆ ತುಳುವ ನರಸನಾಯಕ, ತಾಯಿ ನಾಗಲಾದೇವಿ. ಸಿಂಹಾಸನ ನೇರವಾಗಿ ಇವನಿಗೆ ಬರುವಂಥದ್ದಾಗಿರಲಿಲ್ಲ. ತಂದೆಯ ನಂತರ ಆಳಿದವನು ಮಲಅಣ್ಣ ವೀರನರಸಿಂಹ. ಆ ಅಣ್ಣ ಸಾಯುವ ಹೊತ್ತಿಗೆ ತನ್ನ ಎಂಟು ವರ್ಷದ ಮಗನಿಗೇ ಪಟ್ಟ ಸಿಗಲಿ ಅಂತ, ತಮ್ಮನ ಕಣ್ಣು ಕೀಳಿಸಲು ಮಂತ್ರಿ ಸಾಳುವ ತಿಮ್ಮರಸನಿಗೆ ಹೇಳಿದನಂತೆ. ತಿಮ್ಮರಸ ಕೃಷ್ಣರಾಯನನ್ನು ಅಡಗಿಸಿಟ್ಟು ಆಡಿನ ಕಣ್ಣುಗಳನ್ನು ತಂದು ತೋರಿಸಿದನಂತೆ. ಇದನ್ನು ಬರೆದವನು ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನು ಬರೆದದ್ದು ಘಟನೆಯಾಗಿ ಇಪ್ಪತ್ತೈದು ವರ್ಷ ಕಳೆದ ಮೇಲೆ, ಅದೂ ಕೇಳಿದ ಮಾತು. ಹಾಗಾಗಿ ಅಂತೆ-ಕಂತೆಯಾಗಿಯೇ ತಗೊಳ್ಳಿ. ಆದರೆ ಕಣ್ಣಿನ ವಿಷಯ ನೆನಪಿನಲ್ಲಿರಲಿ, ಕೊನೆಯಲ್ಲಿ ಮತ್ತೆ ಬರುತ್ತೆ.

1509ರಲ್ಲಿ ರಾಜ್ಯ ಕೈಗೆ ಬಂತು. ಪಟ್ಟಾಭಿಷೇಕದ ನೆನಪಿಗೆ ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ರಂಗಮಂಟಪ ಕಟ್ಟಿಸಿ, ಗೋಪುರ ಎತ್ತಿಸಿದ. 1510ರ ಶಾಸನ ಇವತ್ತಿಗೂ ಆ ಮಂಟಪದ ಹತ್ತಿರವೇ ನಿಂತಿದೆ. ಪ್ರವಾಸಕ್ಕೆ ಹೋದಾಗ ಆನೆ ಲಕ್ಷ್ಮಿಯ ಹತ್ತಿರ ಆಶೀರ್ವಾದ ತಗೊಂಡು, ಮಂಟಪದ ಚಾವಣಿಯ ಚಿತ್ರ ನೋಡಿ ಹೊರಗೆ ಬರ್ತೀವಲ್ಲ, ಆ ಕಲ್ಲನ್ನು ದಾಟಿಯೇ ಬಂದಿರ್ತೀವಿ.

ಅವನು ನೋಡೋಕೆ ಹೇಗಿದ್ದ? ಇದಕ್ಕೆ ಕಣ್ಣಾರೆ ಕಂಡವನ ಸಾಕ್ಷಿ ಇದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪೇಸ್ ಎಂಬ ಇನ್ನೊಬ್ಬ ಪೋರ್ಚುಗೀಸ್, ರಾಯನನ್ನು ಹತ್ತಿರದಿಂದ ನೋಡಿ ಬರೆದಿಟ್ಟಿದ್ದಾನೆ. ನಡುಎತ್ತರ, ತಿಳಿ ಬಣ್ಣ, ತೆಳ್ಳಗಲ್ಲ, ಸ್ವಲ್ಪ ದಪ್ಪವೇ. ಮುಖದ ಮೇಲೆ ಸಿಡುಬಿನ ಕಲೆಗಳು. ಮುಖದಲ್ಲಿ ಉಲ್ಲಾಸ, ಆದರೆ ಸಿಟ್ಟು ಬಂದರೆ ತಡೆಯೋಕೆ ಆಗದಂಥದ್ದು. ದಿನಚರಿಯನ್ನೂ ಬರೆದಿದ್ದಾನೆ: ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುವುದು, ಮೈಗೆಲ್ಲ ಎಳ್ಳೆಣ್ಣೆ ಹಚ್ಚಿಕೊಂಡು ಭಾರ ಎತ್ತುವುದು, ಕತ್ತಿವರಸೆ, ಬೆವರಿನಲ್ಲಿ ಎಣ್ಣೆ ಇಳಿದು ಹೋಗುವ ತನಕ, ಆಮೇಲೆ ಕುಸ್ತಿ, ಆಮೇಲೆ ಬಯಲಿನಲ್ಲಿ ಕುದುರೆ ಓಟ. ಇಷ್ಟೆಲ್ಲ ಮುಗಿದು ಬೆಳಕಾಗಬೇಕು. ಎಂಟೂವರೆ ಕ್ಲಾಸಿಗೆ ಎಂಟು ಇಪ್ಪತ್ತಕ್ಕೆ ಏಳುವ ನಮ್ಮ ಹಾಸ್ಟೆಲ್ ಗೆಳೆಯರಿಗೆ ಇದನ್ನು ಅರ್ಪಿಸುತ್ತೇನೆ. ನನಗೆ ಇಷ್ಟವಾಗೋದು ಆ ಸಿಡುಬಿನ ಕಲೆ. ಯಾವ ಸಿನಿಮಾದಲ್ಲೂ, ಯಾವ ಕ್ಯಾಲೆಂಡರಿನಲ್ಲೂ ಅದಿಲ್ಲ.

ಯುದ್ಧಗಳನ್ನು ಒಂದೇ ಉಸಿರಲ್ಲಿ ಮುಗಿಸಿಬಿಡ್ತೀನಿ. ಮೊದಲು ದಕ್ಷಿಣದಲ್ಲಿ ಉಮ್ಮತ್ತೂರಿನ ಗಂಗರಾಜ. ಆಮೇಲೆ ಪೂರ್ವಕ್ಕೆ ಒರಿಸ್ಸಾದ ಗಜಪತಿ ಪ್ರತಾಪರುದ್ರ: ಉದಯಗಿರಿ, ಕೊಂಡವೀಡು, ಕೊಂಡಪಲ್ಲಿ, ಸಿಂಹಾಚಲ. ಕೊನೆಗೆ ಸಂಧಿ, ಗಜಪತಿಯ ಮಗಳ ಜೊತೆ ಮದುವೆ. 1520ರ ಮೇ 19ರಂದು ರಾಯಚೂರಿನ ಕದನದಲ್ಲಿ ಇಸ್ಮಾಯಿಲ್ ಆದಿಲ್ ಷಾ ಸೋತ. ಆ ಕೋಟೆಯ ಮೇಲಿದ್ದವರನ್ನು ಕೋವಿಯಿಂದ ಹೊಡೆದುರುಳಿಸಲು ಪೋರ್ಚುಗೀಸ್ ಗುರಿಕಾರರು ರಾಯನ ಕಡೆ ನಿಂತಿದ್ದರು. ಮುಂದೆ ಬಿಜಾಪುರದವರೆಗೂ ಹೋಗಿ ಕೂತ. ಆದರೆ ಅಷ್ಟು ದೊಡ್ಡ ದಂಡಿಗೆ ಅಲ್ಲಿ ನೀರು ಸಾಲದೆ ವಾಪಸ್ ಬರಬೇಕಾಯಿತು ಅಂತ ನ್ಯೂನಿಜ್ ಹೇಳ್ತಾನೆ. ಕತ್ತಿಗೆ ಸೋಲದವನನ್ನು ನೀರಿಲ್ಲದ ಊರು ಹಿಂದೆ ಕಳಿಸಿತು. ನಮ್ಮ ಸೀಮೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನೀರಿನ ವಿಷಯಕ್ಕೆ ಬರೋಣ.

ಬಳ್ಳಾರಿ ಸೀಮೆಯಲ್ಲಿ ಮಳೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಇಂಥ ಬಂಡೆಗಳ ನಡುವೆ ಒಂದು ರಾಜಧಾನಿಯನ್ನು ಇನ್ನೂರು ವರ್ಷ ಉಳಿಸಿದ್ದು ತುಂಗಭದ್ರೆ ಮತ್ತು ಅದರಿಂದ ತೆಗೆದ ಕಾಲುವೆಗಳು. ನದಿಗೆ ಅಡ್ಡಲಾಗಿ ದೊಡ್ಡ ಗೋಡೆ ಕಟ್ಟಲಿಲ್ಲ. ನದಿಯ ನಡುವಿನ ಬಂಡೆಯಿಂದ ಬಂಡೆಗೆ ಕಲ್ಲು ಪೇರಿಸಿ ತಗ್ಗಾದ ಅಣೆ ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸಿದರು. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ ಕಾಲುವೆ, ಕಂಪ್ಲಿ, ರಾಮಸಾಗರ, ನಮ್ಮ ಸಿರುಗುಪ್ಪ, ದೇಶನೂರು ಕಾಲುವೆಗಳು. ನೀರಾವರಿ ಇಲಾಖೆಯ ಕಡತಗಳಲ್ಲಿ ಇವಕ್ಕೆಲ್ಲ ಇವತ್ತಿಗೂ ವಿಜಯನಗರ ಕಾಲುವೆಗಳು ಅಂತಲೇ ಹೆಸರು. ಇವುಗಳಲ್ಲಿ ಕೊರ್ರಗಲ್ ಅಣೆ ಮತ್ತು ಬಸವಣ್ಣ ಕಾಲುವೆ 1521ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಆದವು. ಅಣೆ ಈಗ ತುಂಗಭದ್ರಾ ಜಲಾಶಯದ ನೀರಿನಡಿ ಇದೆ, ಕಾಲುವೆ ಮಾತ್ರ ಜಲಾಶಯದಿಂದಲೇ ನೀರು ತಗೊಂಡು ಹರೀತಾನೇ ಇದೆ. ಸಿರುಗುಪ್ಪದ ಕಡೆಯ ಗೆಳೆಯರು ಊರಿಂದ ಅಕ್ಕಿ ಮೂಟೆ ತಂದಾಗ ಇದನ್ನೊಮ್ಮೆ ನೆನೆಸಿಕೊಳ್ಳಬಹುದು.

ಕಾಲುವೆ ಸಾಲದು ಅಂತ ರಾಯನಿಗೆ ಅನ್ನಿಸಿತು. ಈಗಿನ ಹೊಸಪೇಟೆಯ ಜಾಗದಲ್ಲಿ ತಾಯಿಯ ಹೆಸರಲ್ಲಿ ನಾಗಲಾಪುರ ಎಂಬ ಹೊಸ ಊರು ಕಟ್ಟಿಸ್ತಾ ಇದ್ದ. ಆ ಊರಿಗೂ ಸುತ್ತಲ ಗದ್ದೆ ತೋಟಗಳಿಗೂ ನೀರು ಬೇಕು. ಹೊಸಪೇಟೆಯ ನೈಋತ್ಯಕ್ಕೆ ಸಂಡೂರಿನ ಬೆಟ್ಟಸಾಲು ಬಾಯಿ ಬಿಡುವ ಜಾಗವಿದೆ. ಎರಡೂ ಕಡೆ ಗುಡ್ಡ, ನಡುವೆ ಕಣಿವೆ. ಆ ಬಾಯಿಗೆ ಏರಿ ಹಾಕಿದರೆ ಎರಡೂ ಗುಡ್ಡಗಳ ನೀರು ನಿಲ್ಲುತ್ತೆ. ಸೈಟ್ ಸೆಲೆಕ್ಷನ್ ಅಂತ ನಾವು ಐದು ಮಾರ್ಕಿನ ಉತ್ತರ ಬರೀತೀವಲ್ಲ, ಅದರ ಪ್ರಕಾರ ನೋಡಿದರೆ ಜಾಗ ಚೆನ್ನಾಗೇ ಇದೆ.

ಪೇಸ್ ಆ ಕೆಲಸ ನಡೆಯುವಾಗ ಅಲ್ಲಿ ನಿಂತು ನೋಡಿದ್ದಾನೆ. ಹದಿನೈದರಿಂದ ಇಪ್ಪತ್ತು ಸಾವಿರ ಜನ, ಇರುವೆಗಳ ಹಾಗೆ, ಕಾಲಿಡಲು ನೆಲವೇ ಕಾಣದಷ್ಟು. ರಾಯ ಕೆಲಸವನ್ನು ತನ್ನ ನಾಯಕರಿಗೆ ಪಾಲು ಹಂಚಿದ್ದ. ತಮ್ಮ ತಮ್ಮ ಪಾಲಿನಲ್ಲಿ ಆಳುಗಳು ಕೆಲಸ ಮಾಡುವಂತೆ ನೋಡಿಕೊಳ್ಳುವುದು ಆಯಾ ನಾಯಕರ ಹೊಣೆ. ಈಗಿನ ಭಾಷೆಯಲ್ಲಿ ಪ್ಯಾಕೇಜ್ ಒಂದು, ಪ್ಯಾಕೇಜ್ ಎರಡು. ಸುತ್ತಮುತ್ತಲ ನೀರು ಸಾಲದೆ, ಮೂರು ಹರದಾರಿಗೂ ಹೆಚ್ಚು ದೂರದಿಂದ ಗುಡ್ಡದ ಬುಡಗುಂಟ ಕೊಳವೆಯಲ್ಲಿ ನೀರು ತರಿಸಿದ್ದರು. ಏರಿಗೆ ಬೇಕಾದ ಕಲ್ಲುಮಣ್ಣಿಗೆ ಒಂದು ಗುಡ್ಡವನ್ನೇ ಕಡಿದರು.

ಮತ್ತು ಅದು ಒಡೆಯಿತು. ಕಟ್ಟಿದರು, ಮತ್ತೆ ಒಡೆಯಿತು.

ನ್ಯೂನಿಜ್ ಹೇಳುವ ಪ್ರಕಾರ ರಾಯ ಗೋವಾಕ್ಕೆ ಹೇಳಿ ಕಳಿಸಿ ಪೋರ್ಚುಗೀಸ್ ಕಲ್ಲುಕೆಲಸದವರನ್ನು ಕೇಳಿದ. ಅಲ್ಲಿಂದ ಬಂದವನು ಜೊಆವೊ ದೆಲಾ ಪೊಂಟೆ. ರಾಯ ಹೇಳಿದ ಅಳತೆ ಕೇಳಿ ಇದು ಆಗದ ಕೆಲಸ ಅಂತ ಅವನಿಗೆ ಅನ್ನಿಸಿತು, ಆದರೂ ಒಪ್ಪಿಕೊಂಡು ಸುಣ್ಣ ಸಿದ್ಧ ಮಾಡಿಸಿ ಅಂತ ಕೇಳಿದ. ರಾಯ ಜೋರಾಗಿ ನಕ್ಕುಬಿಟ್ಟನಂತೆ. ಈ ನಾಡಿನಲ್ಲಿ ಮನೆ ಕಟ್ಟುವವರಿಗೆ ಸುಣ್ಣದ ಬಳಕೆಯೇ ಗೊತ್ತಿಲ್ಲ ಅಂತ ನ್ಯೂನಿಜ್ ಕಾರಣ ಕೊಡ್ತಾನೆ.

ಈ ಮಾತನ್ನು ಮಾತ್ರ ನಾನು ಒಪ್ಪಲ್ಲ. ಹಂಪಿಯ ಗೋಪುರಗಳ ಮೇಲ್ಭಾಗವೆಲ್ಲ ಇಟ್ಟಿಗೆ ಮತ್ತು ಗಾರೆ. ಕಮಲ ಮಹಲಿನ ಕಮಾನುಗಳ ಮೇಲೆ ಗಾರೆಯಲ್ಲಿ ಮಾಡಿದ ಹೂವು ಹಕ್ಕಿಗಳು ಇನ್ನೂ ಉದುರಿ ಮುಗಿದಿಲ್ಲ. ಸುಣ್ಣ ಗೊತ್ತಿಲ್ಲದ ಊರಲ್ಲ ಅದು. ಕೋಟೆ ಗೋಡೆಗಳನ್ನು ಮಾತ್ರ ಗಾರೆಯಿಲ್ಲದೆ, ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ ಕಟ್ಟುತ್ತಿದ್ದರು. ಏರಿಯನ್ನೂ ಹಾಗೇ ಕಟ್ಟಬಹುದು ಅಂದುಕೊಂಡಿರಬೇಕು. ಗೋಡೆ ಎದುರಿಸಬೇಕಾದದ್ದು ಶತ್ರುವನ್ನು, ಏರಿ ಎದುರಿಸಬೇಕಾದದ್ದು ನೀರನ್ನು. ನೀರಿಗೆ ಬಾಗಿಲು ಬೇಕಿಲ್ಲ, ಎರಡು ಕಲ್ಲಿನ ನಡುವೆ ಬೆರಳು ತೂರುವಷ್ಟು ಸಂದು ಸಾಕು. ಕಣಿವೆಗೆ ಬಂಡೆಗಳನ್ನು ಉರುಳಿಸಿದರು, ಹಗಲು ಮಾಡಿದ್ದೆಲ್ಲ ರಾತ್ರಿ ಕುಸಿಯುತ್ತಿತ್ತು ಅಂತ ನ್ಯೂನಿಜ್ ಬರೆದದ್ದನ್ನು ಓದಿದರೆ, ನಮ್ಮ ಜಿಯೋಟೆಕ್ ಮೇಡಂ ಬೋರ್ಡಿನ ಮೇಲೆ ಪೈಪಿಂಗ್ ಅಂತ ಬರೆದು ಅಡಿಗೆರೆ ಹಾಕಿದ್ದು ನೆನಪಾಗುತ್ತೆ.

ಅವರಿಗೆ ಆ ಪದ ಇರಲಿಲ್ಲ. ರಾಯ ಪುರೋಹಿತರನ್ನು ಕರೆಸಿ ಯಾಕೆ ಹೀಗೆ ಅಂತ ಕೇಳಿದ. ಇಷ್ಟು ದೊಡ್ಡ ಕೆಲಸಕ್ಕೆ ದೇವರಿಗೆ ಏನೂ ಕೊಟ್ಟಿಲ್ಲ, ರಕ್ತ ಬೇಕು, ಅಂತ ಉತ್ತರ ಬಂತು. ಪೇಸ್ ಬರೆಯುವಂತೆ, ಕೇಳಿದ ತಕ್ಷಣ ಗುಡಿಯ ಬಾಗಿಲಲ್ಲಿ ಅರವತ್ತು ಜನರ ತಲೆ ಕಡಿಸಲು ರಾಯ ಅಪ್ಪಣೆ ಕೊಟ್ಟ. ಜೊತೆಗೆ ಕೆಲವು ಕುದುರೆ, ಕೋಣಗಳು. ನ್ಯೂನಿಜ್ ಸಂಖ್ಯೆ ಹೇಳಲ್ಲ, ಆದರೆ ಕಡಿದದ್ದು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳನ್ನು ಅಂತ ಸೇರಿಸ್ತಾನೆ. ಆಮೇಲೆ ಕೆಲಸ ಸಾಗಿತು ಅಂತ ಅವನ ಮಾತು.

ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ವಿದೇಶಿಯರು ನಮ್ಮವರ ಬಗ್ಗೆ ಸುಳ್ಳು ಬರೆದರು ಅಂತ ತಳ್ಳಿಹಾಕುವುದು ಸುಲಭ. ಆದರೆ ಅದೇ ಪೇಸ್ ರಾಜಧಾನಿ ರೋಮಿನಷ್ಟು ದೊಡ್ಡದು ಅಂದದ್ದನ್ನು, ಬೀದಿಯಲ್ಲಿ ವಜ್ರ ಮಾಣಿಕ್ಯ ಮಾರುತ್ತಿದ್ದರು ಅಂದದ್ದನ್ನು ನಾವು ಪ್ರತಿ ನವೆಂಬರಿನ ಭಾಷಣದಲ್ಲೂ ಹೇಳ್ತೀವಿ. ಹೊಗಳಿಕೆಗೆ ಸಾಕ್ಷಿಯಾದವನು ಈ ಒಂದು ಪುಟಕ್ಕೆ ಬಂದಾಗ ಮಾತ್ರ ಸುಳ್ಳುಗಾರ ಆಗೋದು ಹೇಗೆ? ಇಬ್ಬರು ಬೇರೆ ಬೇರೆ ವರ್ಷಗಳಲ್ಲಿ ಬರೆದಿದ್ದಾರೆ, ವಿವರಗಳಲ್ಲಿ ವ್ಯತ್ಯಾಸ ಇದೆ, ನಡೆದ ಸಂಗತಿ ಒಂದೇ. ಇನ್ನು ಕೆಲವರು ಆ ಕಾಲ ಹಾಗಿತ್ತು ಅಂತಾರೆ. ಹಾಗಿತ್ತು, ನಿಜ. ಸೆರೆಯಲ್ಲಿದ್ದ ಆ ಅರವತ್ತು ಮಂದಿಗೂ ಅದೇ ಕಾಲ.

ರಾಯ ಮೂಢ ಅಲ್ಲ ಅನ್ನೋದೇ ಇಲ್ಲಿ ಕಷ್ಟ. ಗೋವಾದಿಂದ ತಜ್ಞನನ್ನು ಕರೆಸುವಷ್ಟು ತೆರೆದ ಮನಸ್ಸು ಅವನದು. ಅದೇ ಏರಿಯಲ್ಲಿ ದೊಡ್ಡ ತೂಬುಗಳನ್ನು ಇರಿಸಿ, ಬೇಕಾದಾಗ ತೆರೆದು ಮುಚ್ಚುವ ಕೊಳವೆಗಳನ್ನು ಹಾಕಿಸಿದ. ಕೆರೆ ತುಂಬಿದ ಮೇಲೆ ಅದರ ನೀರು ಹರಿಯುವ ಭೂಮಿಯನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟ, ಅವರು ಭೂಮಿ ಹದ ಮಾಡಿಕೊಳ್ಳಲಿ ಅಂತ. ಆಮೇಲೆ ಅದರಿಂದ ಬಂದ ಆದಾಯ ವರ್ಷಕ್ಕೆ ಇಪ್ಪತ್ತು ಸಾವಿರ ವರಹ ಅಂತ ನ್ಯೂನಿಜ್ ಲೆಕ್ಕ ಕೊಡ್ತಾನೆ. ರಾಯ ತಾನೇ ಬರೆದ ಆಮುಕ್ತಮಾಲ್ಯದದಲ್ಲಿ ರಾಜನೀತಿಯ ಭಾಗ ಬರುತ್ತೆ. ರಾಜ್ಯ ಚಿಕ್ಕದಾದರೂ ಕೆರೆ ಕಾಲುವೆ ಕಟ್ಟಿಸಿ, ಬಡ ರೈತನ ಮೇಲೆ ತೆರಿಗೆ ಹಗುರ ಮಾಡಿದರೆ ಸಂಪತ್ತು ತಾನೇ ಬೆಳೆಯುತ್ತೆ ಅನ್ನೋ ಅರ್ಥದ ಪದ್ಯ ಅಲ್ಲಿದೆ. ಬರೆದದ್ದನ್ನು ನೆಲದ ಮೇಲೆ ಮಾಡಿ ತೋರಿಸಿದವನು. ಅರವತ್ತು ತಲೆ ಕಡಿಸಿದವನೂ ಅವನೇ. ಒಂದು ಇನ್ನೊಂದನ್ನು ಅಳಿಸಲ್ಲ.

ಆ ಪುಸ್ತಕದ ಭಾಷೆ ತೆಲುಗು. ಇದರ ಬಗ್ಗೆ ಬಳ್ಳಾರಿಯಲ್ಲಿ ಮಾತಾಡುವಾಗ ಎರಡೂ ಕಡೆ ನೋಡಿಕೊಂಡು ಮಾತಾಡಬೇಕು, ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿಗೆ ಎರಡು ಭಾಷೆ ಕೂತಿರುತ್ತೆ! ಕೃಷ್ಣಾ ನದಿಯ ದಡದ ಶ್ರೀಕಾಕುಳಂನಲ್ಲಿ ಆಂಧ್ರ ವಿಷ್ಣು ಕನಸಿನಲ್ಲಿ ಬಂದು ತೆಲುಗಿನಲ್ಲೇ ಬರೆ ಅಂದನಂತೆ; ಆ ಕನಸಿನ ದೇವರು ಇವನನ್ನು ಕರೆಯುವುದು ಕನ್ನಡ ರಾಯ ಅಂತ. ಅವನ ಆಸ್ಥಾನದಲ್ಲಿ ಅಲ್ಲಸಾನಿ ಪೆದ್ದನ ಮನುಚರಿತ್ರ ಬರೆದ; ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದ ಭಾರತವನ್ನು ಕನ್ನಡದಲ್ಲಿ ಮುಂದುವರಿಸಿ ಮುಗಿಸಿದವನು ತಿಮ್ಮಣ್ಣ ಕವಿ. ತುಳುವ ಮನೆತನದವನು, ಕನ್ನಡ ನಾಡಿನ ರಾಜಧಾನಿ, ತೆಲುಗು ಕಾವ್ಯ, ತಮಿಳು ಭಕ್ತೆ ಆಂಡಾಳಳ ಕಥೆ. ಅವನು ನಮ್ಮವನೋ ನಿಮ್ಮವನೋ ಅಂತ ಜಗಳ ಆಡೋದು ನಮ್ಮ ಕಾಲದ ಹವ್ಯಾಸ. ಅವನಿಗೆ ಆ ಪ್ರಶ್ನೆಯೇ ಅರ್ಥ ಆಗ್ತಿರಲಿಲ್ಲ ಅನ್ಸುತ್ತೆ.

ಧರ್ಮದ ವಿಷಯದಲ್ಲೂ ಅಷ್ಟೇ. ಮನಸ್ಸು ವೈಷ್ಣವ. ತಿರುಪತಿಗೆ ಏಳು ಸಲ ಹೋದ, ವಿಮಾನಕ್ಕೆ ಚಿನ್ನ ಹೊದಿಸಿದ. ಅವನೂ ಇಬ್ಬರು ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರೂ ಕೈಮುಗಿದು ನಿಂತ ಲೋಹದ ಮೂರ್ತಿಗಳು ಇವತ್ತಿಗೂ ತಿರುಮಲೆಯ ಮಹಾದ್ವಾರದ ಒಳಗೆ ಇವೆ. ಆದರೆ ರಾಜ್ಯದ ದೇವರು ವಿರೂಪಾಕ್ಷ. ವಿಜಯನಗರದ ತಾಮ್ರಪಟಗಳ ಕೊನೆಗೆ, ಮೇಲಿನ ಬರಹ ಸಂಸ್ಕೃತವೇ ಆಗಿದ್ದರೂ, ಅಂಕಿತ ಬೀಳುತ್ತಿದ್ದುದು ಕನ್ನಡ ಅಕ್ಷರದಲ್ಲಿ ಶ್ರೀ ವಿರೂಪಾಕ್ಷ ಅಂತ. ಪಟ್ಟಕ್ಕೆ ಬಂದ ವೈಷ್ಣವ ಮೊದಲು ಕಟ್ಟಿಸಿದ್ದು ಶಿವನ ಗುಡಿಯ ಮಂಟಪ. ಗುರುವೆಂದು ನಡೆದುಕೊಂಡದ್ದು ಮಾಧ್ವ ಯತಿ ವ್ಯಾಸರಾಯರಿಗೆ. ಪುರಂದರದಾಸ, ಕನಕದಾಸರಿಗೂ ಅವರೇ ಗುರು. ಊರಲ್ಲಿ ಜೈನ ಬಸದಿಗಳಿದ್ದವು, ಅವನು ಹುಟ್ಟುವ ಮೊದಲೇ, 1439ರಲ್ಲಿ, ಅಹಮದ್ ಖಾನ್ ಕಟ್ಟಿಸಿದ ಮಸೀದಿ ಇತ್ತು, ಪೇಸ್ ನೋಡಿದ ಬೀದಿಯೊಂದರ ಕೊನೆಗೆ ಮುಸ್ಲಿಮರ ಕೇರಿ ಇತ್ತು, ಸೈನ್ಯದಲ್ಲಿ ಮುಸ್ಲಿಂ ಸವಾರರಿದ್ದರು. ಯಾರು ಬೇಕಾದರೂ ಬಂದು ತಮ್ಮ ಮತದ ಪ್ರಕಾರ ಬದುಕಬಹುದಾದ ಊರು ಅಂತ ಬಾರ್ಬೋಸಾ ಬರೆದದ್ದು ಇದನ್ನೆಲ್ಲ ನೋಡಿಯೇ.

ಇಂಥದ್ದೇ ಇನ್ನೊಂದು ಊರು ಪ್ರಪಂಚದಲ್ಲಿ ಇತ್ತು. ಬೈಜಾಂಟಿಯಂ ಸಾಮ್ರಾಜ್ಯದ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ವಿಜಯನಗರ ಹುಟ್ಟಿದ್ದು 1336ರಲ್ಲಿ, ಆ ಊರು ತುರ್ಕರ ಕೈಗೆ ಹೋದದ್ದು 1453ರಲ್ಲಿ. ಅಂದರೆ ನೂರಕ್ಕೂ ಹೆಚ್ಚು ವರ್ಷ ಎರಡೂ ರಾಜಧಾನಿಗಳು ಏಕಕಾಲಕ್ಕೆ ಉಸಿರಾಡುತ್ತಿದ್ದವು. ಅಲ್ಲೂ ರಾಜ, ದೇವರು, ಕಟ್ಟಡ ಮೂರೂ ಒಂದೇ ಹಗ್ಗದ ಎಳೆಗಳು. ಅಲ್ಲಿನ ದೊರೆ ಜಸ್ಟಿನಿಯನ್ 537ರಲ್ಲಿ ಹಾಗಿಯಾ ಸೋಫಿಯಾ ಮುಗಿಸಿದ. 558ರಲ್ಲಿ ಅದರ ಗುಮ್ಮಟ ಕುಸಿದು ಬಿತ್ತು. ಮತ್ತೆ ಕಟ್ಟುವಾಗ ಗುಮ್ಮಟವನ್ನು ಮೊದಲಿಗಿಂತ ಎತ್ತರಕ್ಕೆ ಏರಿಸಿ, ಪಕ್ಕಕ್ಕೆ ತಳ್ಳುವ ಬಲ ಕಡಿಮೆಯಾಗುವಂತೆ ಆಕಾರವನ್ನೇ ಬದಲಿಸಿದರು. 562ರಲ್ಲಿ ಮತ್ತೆ ತೆರೆಯಿತು. ಒಡೆದದ್ದನ್ನು ನೋಡಿ ಲೆಕ್ಕ ತಿದ್ದಿಕೊಂಡದ್ದು ಅಲ್ಲಿ ಕಾಣುತ್ತೆ. ನಮ್ಮ ಏರಿಯಲ್ಲೂ ಯಾರೋ ಒಬ್ಬ ಒಡ್ಡ, ಯಾರೋ ಒಬ್ಬ ಕಲ್ಲುಕುಟಿಗ ಲೆಕ್ಕ ತಿದ್ದಿಕೊಂಡಿರಲೇಬೇಕು. ರಕ್ತದಿಂದ ಏರಿ ನಿಲ್ಲಲ್ಲ. ಆದರೆ ಬರೆದಿಟ್ಟವರು ಬಲಿಯನ್ನು ಬರೆದರು, ತಿದ್ದುಪಡಿಯನ್ನು ಬರೆಯಲಿಲ್ಲ. ಆ ಕುಶಲಕರ್ಮಿಗಳಿಗೆ ಲೆಕ್ಕ ಬರ್ತಿತ್ತು ಅನ್ನೋದಕ್ಕೆ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ ನೋಡಿ. ಪ್ರತಿ ಕರಿಕಲ್ಲಿನ ಮೇಲೂ ಅದು ಯಾವ ದಿಕ್ಕು, ಯಾವ ಸಾಲು ಅಂತ ಗುರುತು ಕೊರೆದಿದ್ದಾರೆ, ಕನ್ನಡದಲ್ಲಿ. ಬೇರೆ ಕಡೆ ಕಡೆದು ತಂದು ಇಲ್ಲಿ ಜೋಡಿಸಿದ್ದು. ನಮ್ಮ ಪ್ರೀಕಾಸ್ಟ್ ತಾನೇ ಇದು!

ಕಲೆಯಲ್ಲಿ ಅವನ ಕಾಲದ್ದು ಅಂತ ಖಚಿತವಾಗಿ ತೋರಿಸಬಹುದಾದದ್ದು ಹಂಪಿಯಲ್ಲಿ ಬೇಕಾದಷ್ಟಿದೆ. ಉದಯಗಿರಿ ಗೆದ್ದು ಅಲ್ಲಿಂದ ಬಾಲಕೃಷ್ಣನ ವಿಗ್ರಹ ತಂದು, 1515ರಲ್ಲಿ ಕೃಷ್ಣ ದೇವಸ್ಥಾನದಲ್ಲಿ ಪ್ರತಿಷ್ಠೆ ಮಾಡಿಸಿದ. ಗೋಪುರದ ಗಾರೆಯಲ್ಲಿ ಆ ಯುದ್ಧದ ಸವಾರರು ಇನ್ನೂ ಇದ್ದಾರೆ. ವಿಗ್ರಹ ಮಾತ್ರ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ನಾವಾಗ ಮದರಾಸು ಪ್ರಾಂತ್ಯ, ಏನು ಸಿಕ್ಕರೂ ಹೋಗುತ್ತಿದ್ದುದು ಆ ಕಡೆಗೇ. ವಿಠ್ಠಲ ದೇವಸ್ಥಾನದ ಗೋಪುರಗಳನ್ನು 1513ರಲ್ಲಿ ರಾಣಿಯರು ಕಟ್ಟಿಸಿದರು, 1516ರಲ್ಲಿ ರಾಯ ನೂರು ಕಂಬದ ಮಂಟಪ ಕಟ್ಟಿಸಿದ. ಅದರ ಎದುರಿನ ಕಲ್ಲಿನ ರಥ ನಿಮ್ಮ ಜೇಬಿನ 50 ರೂಪಾಯಿ ನೋಟಿನ ಮೇಲಿದೆ. ಅದು ರಥ ಅಲ್ಲ, ಗರುಡನ ಗುಡಿ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಫೋಟೋದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆ ಗಾರೆಯ ಗೋಪುರ ಕಾಣುತ್ತೆ, ಈಗ ಇಲ್ಲ. ನಾವು ನೋಟಿನ ಮೇಲೆ ನೋಡೋದು ಅದರ ಅರ್ಧ ಮೈ. ಕೊನೆಯ ದಿನಗಳಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆಸಿದ ಲಕ್ಷ್ಮೀನರಸಿಂಹ 6.7 ಮೀಟರ್ ಎತ್ತರ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದು ಹೋಗಿದ್ದಾಳೆ, ಗಂಡನ ಬೆನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಹಿಂದೆ ಹೋಗಿ ನೋಡಿ. ಮುಂದಿನಿಂದ ಸೆಲ್ಫಿ ತಗೊಂಡು ಬರುವವರಿಗೆ ಆ ಕೈ ಸಿಗಲ್ಲ.

ಇಷ್ಟೆಲ್ಲದರಲ್ಲಿ ನನ್ನನ್ನು ಕಾಡುವುದು ಹೊಸಪೇಟೆ-ಕಮಲಾಪುರ ದಾರಿಯ ಅನಂತಶಯನಗುಡಿ. ರಾಯನಿಗೆ ತಿರುಮಲದೇವಿಯಲ್ಲಿ ಒಬ್ಬ ಗಂಡುಮಗ, ತಿರುಮಲರಾಯ. 1524ರಲ್ಲಿ ಮಗುವಿಗೆ ಪಟ್ಟ ಕಟ್ಟಿ, ಅದೇ ವರ್ಷ ಅವನ ಹೆಸರಲ್ಲಿ ಒಂದು ಪುರ ಮಾಡಿ, ಅಲ್ಲಿ ಈ ಗುಡಿ ಕಟ್ಟಿಸಿದ. ಮಲಗಿದ ದೇವರಿಗೆ ತಕ್ಕಂತೆ ಉದ್ದನೆಯ ಗರ್ಭಗುಡಿ, ಮೂರು ಬಾಗಿಲು, ಮೇಲೆ ಇಟ್ಟಿಗೆ ಗಾರೆಯ ಎತ್ತರದ ಕಮಾನು ಚಾವಣಿ. ಕಂಬವೇ ಇಲ್ಲದೆ ಅಷ್ಟು ಎತ್ತರ ಏರುವ ಆ ಚಾವಣಿಯ ಕೆಳಗೆ ಸಿವಿಲ್‌ನವರು ಒಮ್ಮೆ ತಲೆ ಎತ್ತಿ ನಿಲ್ಲಬೇಕು. ಪೀಠದ ಮೇಲೆ ದೇವರಿಲ್ಲ. ಹಡಗಲಿ ತಾಲ್ಲೂಕಿನ ಹೊಳಲಿನಿಂದ ದೇವರು ರಾಯನ ಹಿಂದೆ ನಡೆದು ಬರ್ತೀನಿ, ತಿರುಗಿ ನೋಡಬೇಡ ಅಂದನಂತೆ; ರಾಯ ತಿರುಗಿ ನೋಡಿದ, ದೇವರು ಹೊಳಲಿನಲ್ಲೇ ಮಲಗಿಬಿಟ್ಟ ಅಂತ ನಮ್ಮ ಕಡೆ ಜನ ಹೇಳ್ತಾರೆ. ಹೊಳಲಿನಲ್ಲಿ ಅನಂತಶಯನ ಇದ್ದಾನೆ, ಇಲ್ಲಿ ಗುಡಿ ಖಾಲಿ.

ಮಗ ಬಹಳ ದಿನ ಬದುಕಲಿಲ್ಲ. ಪಟ್ಟವಾದ ಸ್ವಲ್ಪ ಕಾಲಕ್ಕೇ ಸತ್ತುಹೋದ. ವಿಷ ಹಾಕಿದರು ಅಂತ ಸುದ್ದಿಯಾಯಿತು, ಅನುಮಾನ ತಿಮ್ಮರಸನ ಮನೆಯ ಮೇಲೆ ಬಿತ್ತು. ನ್ಯೂನಿಜ್ ಹೇಳುವ ಪ್ರಕಾರ ರಾಯ ತಿಮ್ಮರಸನನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿ, ಕೊನೆಗೆ ಕಣ್ಣು ಕೀಳಿಸಿದ. ಒಂದು ಕಾಲಕ್ಕೆ ಆಡಿನ ಕಣ್ಣು ತೋರಿಸಿ ತನ್ನ ಕಣ್ಣು ಉಳಿಸಿದವನ ಕಣ್ಣು. ಅಪ್ಪಾಜಿ ಅಂತ ಕರೆಯುತ್ತಿದ್ದನಂತೆ ಅವನನ್ನು. ಅಪರಾಧ ಯಾವ ರೀತಿಯಿಂದಲೂ ಸಾಬೀತಾದದ್ದಲ್ಲ. ಏರಿ ಒಡೆದಾಗ ಯಾರದೋ ರಕ್ತ ಬೇಕು ಅಂದದ್ದನ್ನು ಒಪ್ಪಿದ ಮನಸ್ಸೇ ಇಲ್ಲೂ ಕೆಲಸ ಮಾಡಿತು ಅಂತ ನನಗೆ ಅನ್ನಿಸುತ್ತೆ. ದುಃಖಕ್ಕೆ ಒಂದು ಕಾರಣ ಬೇಕಿತ್ತು, ಹತ್ತಿರದಲ್ಲಿ ಒಬ್ಬ ಮನುಷ್ಯ ಸಿಕ್ಕ.

ರಾಯ ಸತ್ತದ್ದು 1529ರಲ್ಲಿ. ದಿನ ಯಾವುದು ಅನ್ನೋದು ಬಹಳ ಕಾಲ ಖಚಿತ ಇರಲಿಲ್ಲ. 2021ರಲ್ಲಿ ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯಲ್ಲಿ ಸಿಕ್ಕ ಕನ್ನಡ ಶಾಸನ ಅದನ್ನು ಹೇಳಿತು: ಅಕ್ಟೋಬರ್ 17, ಭಾನುವಾರ, ಅವತ್ತು ಚಂದ್ರಗ್ರಹಣ. ಮಗನಿಲ್ಲದ ಸಿಂಹಾಸನ ತಮ್ಮ ಅಚ್ಯುತರಾಯನಿಗೆ ಹೋಯಿತು. ಮೂವತ್ತಾರು ವರ್ಷದ ನಂತರ, 1565ರ ಯುದ್ಧದಲ್ಲಿ, ರಾಯನ ಅಳಿಯ ರಾಮರಾಯ ಸತ್ತು, ರಾಜಧಾನಿ ಹಾಳುಬಿತ್ತು. ಪೇಸ್, ನ್ಯೂನಿಜ್ ಬರೆದ ಹಾಳೆಗಳು ಪ್ಯಾರಿಸಿನ ಗ್ರಂಥಾಲಯದಲ್ಲಿ ಮಲಗಿದ್ದವು; 1897ರಲ್ಲಿ ಅಚ್ಚಾದವು, 1900ರಲ್ಲಿ ರಾಬರ್ಟ್ ಸೆವೆಲ್ ಅವನ್ನು ಇಂಗ್ಲಿಷಿಗೆ ತಂದು ಮರೆತುಹೋದ ಸಾಮ್ರಾಜ್ಯ ಎಂಬ ಹೆಸರಿನ ತನ್ನ ಪುಸ್ತಕದಲ್ಲಿ ಸೇರಿಸಿದ. ಎಳ್ಳೆಣ್ಣೆ, ಸಿಡುಬು, ಅರವತ್ತು ತಲೆ ಎಲ್ಲ ನಮಗೆ ತಿಳಿದದ್ದು ಹಾಗೆ.

ಊರು ಸತ್ತರೂ ನೀರಿನ ಕಥೆ ನಿಲ್ಲಲಿಲ್ಲ. ಅದೇ ಬೆಟ್ಟಸಾಲಿನ ಹತ್ತಿರ 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು. ಸಿಮೆಂಟ್ ಕಾಂಕ್ರೀಟಿನ ಗೋಡೆಯಲ್ಲ ಅದು, ಸುರ್ಕಿ ಗಾರೆ ಹಾಕಿ ಕಟ್ಟಿದ ಕಲ್ಲಿನ ಅಣೆಕಟ್ಟು. ದೆಲಾ ಪೊಂಟೆಯ ಸುಣ್ಣಕ್ಕೆ ನಾನೂರು ವರ್ಷದ ಮೇಲೆ ಸಿಕ್ಕ ಉತ್ತರ ಅನ್ನಿ. 2009ರ ಜನವರಿಯಲ್ಲಿ ಆನೆಗೊಂದಿ ಹತ್ತಿರ ಕಟ್ಟುತ್ತಿದ್ದ ಸೇತುವೆ ಕುಸಿದು ಕೆಲಸಗಾರರು ಸತ್ತರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ವಾರ ಗಾಂಧಿನಗರದ ಚಹಾ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ನಲ್ಲಿಗೆ ಬರುವುದೂ ಅದೇ ನೀರು, ಸಿರುಗುಪ್ಪ, ಕುರುಗೋಡಿನ ಎರಡನೇ ಬೆಳೆ ನಿಂತಿರುವುದೂ ಅದರ ಮೇಲೆಯೇ. ಇದ್ದಬದ್ದ ಗೇಟುಗಳನ್ನೆಲ್ಲ ಎತ್ತಿ ನೀರು ಬಿಟ್ಟು, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಉಕ್ಕಿನ ಹಲಗೆ ಇಳಿಸಿ, ವಾರದೊಳಗೆ ಬಾಯಿ ಮುಚ್ಚಿದರು. ಕೆಲಸ ಶುರುವಾಗುವ ಮುಂಚೆ ಪೂಜೆಯೂ ಆಯಿತು, ತೆಂಗಿನಕಾಯಿ ಮಾತ್ರ ಒಡೆದರು.

ರಾಯನ ಕೆರೆಯಲ್ಲಿ ಈಗ ನೀರಿಲ್ಲ. ಏರಿ ಇದೆ. ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳ ಕಡೆ ಹೋಗುವ ಹಳೇ ರಸ್ತೆಯನ್ನು ಬ್ರಿಟಿಷರ ಕಾಲದಲ್ಲಿ ಅದರ ಮೇಲೆಯೇ ಹಾಯಿಸಿದರು. ಪ್ರತ್ಯೇಕ ದಿಬ್ಬ ಹಾಕುವ ಅಗತ್ಯ ಬೀಳಲಿಲ್ಲ. ಆ ಕಡೆ ಹೋದರೆ ಬೈಕ್ ಪಕ್ಕಕ್ಕೆ ನಿಲ್ಲಿಸಿ ಎರಡೂ ಬದಿ ಇಳಿಜಾರನ್ನು ನೋಡಿ. ಒಂದು ಬದಿಗೆ ನೀರಿರಬೇಕಾಗಿದ್ದ ಬಯಲು, ಇನ್ನೊಂದು ಬದಿಗೆ ಹೊಸಪೇಟೆ. ಅದು ಏರಿ ಅಂತ ಹೇಳುವ ಫಲಕ ಇಲ್ಲ. ಅರವತ್ತು ಜನರದ್ದೂ ಇಲ್ಲ.